ಗೋಪುರದ ಕಡಲ ಮುಖ

ವಸಾಯಿ ಕೋಟೆಯೊಳಗಿನ ಪಾಳು ಇಗರ್ಜಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೂರಿಲ್ಲದ ಗೋಡೆಗಳ ನಡುವೆ ನತಾಲಿನ್ ಗೋವಾರಿ ಸೀರೆಯ ಕಚ್ಚೆ ಬಿಗಿದು, ಮುರಿದ ಕಂಬಕ್ಕೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಕೈಯಲ್ಲಿ ಸೋಪಿನ ಡಬ್ಬಿಯಷ್ಟೇ ಇರುವ ಬೆಳ್ಳಿ ಬಣ್ಣದ ಕ್ಯಾಮೆರಾ. ಕಿಟಕಿಯ ಕಮಾನಿನಲ್ಲಿ ಪಾರಿವಾಳವೊಂದು ಬಂದು ಕೂತ ಕೂಡಲೇ ಗುಂಡಿ ಒತ್ತುತ್ತಾರೆ. ಆಮೇಲೆ ಪುಟ್ಟ ಪರದೆಯನ್ನು ಮೂಗಿನ ತುದಿಗೆ ತಂದು ನೋಡಿ, "ಥೂ, ಮತ್ತೆ ನನ್ನ ಬೆರಳೇ ಬಂದು ಕೂತಿದೆ" ಎಂದು ತಮಗೆ ತಾವೇ ನಗುತ್ತಾರೆ.

ದೋಣಿಗಳು ಬರುವುದರೊಳಗೆ ಈ ಕೆಲಸ ಮುಗಿಯಬೇಕು. ದೂರದಲ್ಲಿ ಎಂಜಿನ್ ಸದ್ದು ಕೇಳಿದ್ದೇ ತಡ, ಕ್ಯಾಮೆರಾ ಕರವಸ್ತ್ರದಲ್ಲಿ ಸುತ್ತಿಕೊಂಡು ಸೊಂಟದ ಚೀಲ ಸೇರುತ್ತದೆ, ಬುಟ್ಟಿ ತಲೆಗೇರುತ್ತದೆ. ಕೇರಿಯ ಹೆಂಗಸರೆಲ್ಲ ಇಗರ್ಜಿಯ ಗೋಪುರದ ಬುಡದ ಮರಳಿನಲ್ಲಿ ಕಾದಿರುತ್ತಾರೆ. ಅಲ್ಲಿಂದ ಮುಂದೆ ಬಿಸಿಲು ಇಳಿಯುವ ತನಕ ಬೊಂಬಿಲ್ ಒಣಹಾಕುವ ಕೆಲಸ. ಎರಡೆರಡು ಮೀನಿನ ಬಾಯಿಗೆ ಬಾಯಿ ಸಿಕ್ಕಿಸಿ, ಬಿದಿರಿನ ಗಳಗಳ ನಡುವೆ ಕಟ್ಟಿದ ಹಗ್ಗಕ್ಕೆ ನೇತುಹಾಕುತ್ತ ಹೋಗಬೇಕು. ನತಾಲಿನ್ ಬೆರಳುಗಳು ಈ ಕೆಲಸವನ್ನು ನೋಡದೆಯೇ ಮಾಡುತ್ತವೆ. "ಮೀನು ಮುಟ್ಟಿದ ಕೈಲಿ ಕ್ಯಾಮೆರಾ ಮುಟ್ಟೋ ಹಾಗಿಲ್ಲ. ಒಂದ್ಸಲ ಮುಟ್ಟಿದ್ದಕ್ಕೆ ಕೇರಿ ಬೆಕ್ಕೆಲ್ಲ ನನ್ನ ಬೆನ್ನು ಹತ್ತಿತ್ತು!"

ಕೋಟೆಯ ಬುಡದಲ್ಲೇ ಹುಟ್ಟಿ, ಅದೇ ಕೇರಿಗೆ ಸೊಸೆಯಾದವರಿಗೆ ಈ ಪಾಳು ಗೋಡೆಗಳಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡಲು, ಮದುವೆಯಾದ ಮೇಲೆ ಹಾಸಿಗೆ ಹೊದಿಕೆ ಒಣಹಾಕಲು ಅವು ಬಳಕೆಯಾಗುತ್ತಿದ್ದವು, ಅಷ್ಟೆ. ಕುವೈತಿನಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ರಜೆಗೆ ಬಂದಾಗ, "ನಂಗೆ ಫೋನ್ ಸಾಕು ಮೌಶಿ, ಇದನ್ನ ನೀನಿಟ್ಕೋ" ಎಂದು ಈ ಹಳೇ ಕ್ಯಾಮೆರಾ ಕೊಟ್ಟುಹೋದಳು. ಬಹಳ ದಿನ ಅದು ಕಪಾಟಿನಲ್ಲಿ ಬಟ್ಟೆಯ ಅಡಿ ಬಿದ್ದಿತ್ತು.

ಅದನ್ನು ಹೊರಗೆ ತೆಗೆಸಿದ್ದು ಗಂಡ ಸಾಂತಾನ್. ಮೀಸೆ ಮೂಡುವ ಮೊದಲೇ ದೋಣಿ ಹತ್ತಿದವರು, ಕೇರಿಯಲ್ಲೇ ಹೆಸರಾದ ಚುಕ್ಕಾಣಿಗಾರ. ಸಕ್ಕರೆ ಕಾಯಿಲೆ ಅವರ ಒಂದು ಕಾಲನ್ನು ತಿಂದುಹಾಕಿತು. ಆಸ್ಪತ್ರೆಯಿಂದ ಬಂದವರು ಸಮುದ್ರದ ಕಡೆಯ ಕಿಟಕಿ ಮುಚ್ಚಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬಾಯಿ ತೆರೆದರೆ ನಾಲ್ಕು ಮಂದಿಯನ್ನು ನಗಿಸುತ್ತಿದ್ದವರು ಮಾತು ಬಿಟ್ಟರು. "ಉಣ್ಣು ಅಂದ್ರೆ ಉಣ್ತಿದ್ರು, ಕೇಳಿದ್ದಕ್ಕೆ ಹೂಂ ಅಂತಿದ್ರು. ಆದ್ರೆ ಮನುಷ್ಯ ಮನೇಲಿರ್ಲಿಲ್ಲ" ಎನ್ನುತ್ತಾರೆ ನತಾಲಿನ್. "ಮಂಚದ ಮೇಲಿರೋ ಗಂಡನ್ನ ಹುಡುಕ್ಕೊಂಡು ಬಾ ಅಂದ್ರೆ ಎಲ್ಲಿಗೆ ಹೋಗ್ಲಿ ಹೇಳಿ?"

ಆಗ ನತಾಲಿನ್‌ಗೆ ಗೋಪುರ ನೆನಪಾಯಿತು. ರಾತ್ರಿಯಿಡೀ ನೀರಲ್ಲಿದ್ದು ಬರುವಾಗ ದಡ ಕಾಣುವ ಮೊದಲು ಇಗರ್ಜಿಯ ಗೋಪುರ ಕಾಣುತ್ತದೆ, ಅದು ಕಂಡರೆ ಮನೆ ಬಂದ ಹಾಗೆ ಎಂದು ಸಾಂತಾನ್ ಹೇಳುತ್ತಲೇ ಇದ್ದರು. ಅವರನ್ನು ಗೋಪುರದ ಹತ್ತಿರ ಒಯ್ಯಲಾಗದು, ಗೋಪುರವನ್ನೇ ಮಂಚಕ್ಕೆ ತರೋಣ ಎಂದುಕೊಂಡರು. ಕೋಟೆಯಲ್ಲಿ ಮದುವೆ ಜೋಡಿಗಳ ಫೋಟೋ ತೆಗೆಯಲು ಬರುವ ಒಬ್ಬಾತ ಒಂದು ಪಾಠ ಹೇಳಿಕೊಟ್ಟ: "ಆಂಟಿ, ಸೂರ್ಯ ಯಾವಾಗ್ಲೂ ನಿಮ್ಮ ಬೆನ್ನ ಹಿಂದೆ ಇರ್ಬೇಕು. ಇಲ್ದಿದ್ರೆ ಎಲ್ಲಾ ಕಪ್ಪಾಗುತ್ತೆ." ಪಾಠವನ್ನು ಚಾಚೂ ತಪ್ಪದೆ ಪಾಲಿಸಿ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ತೆಗೆದ ಚಿತ್ರಗಳನ್ನು ಸ್ಟೇಷನ್ ರಸ್ತೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದರು. ಕಲ್ಲು ಕಲ್ಲೂ ಎಣಿಸುವಷ್ಟು ಚೊಕ್ಕವಾಗಿದ್ದವು.

ಸಾಂತಾನ್ ನೋಡಿದರು. "ಇದ್ಯಾವೂರ ಗೋಡೆ ಮಾರಾಯ್ತಿ?"

"ನಮ್ಮ ಗೋಪುರಾನೇ ಕಣ್ರೀ!"

"ನಮ್ದಲ್ಲ. ನಮ್ಮ ಗೋಪುರಕ್ಕೆ ಮೆಟ್ಟಿಲೆಲ್ಲಿದೆ? ಯಾರಾದ್ರೂ ಬೇರೆಯವ್ರಿಗೆ ತೋರ್ಸು." ಮತ್ತೆ ಗೋಡೆಯ ಕಡೆ ತಿರುಗಿದರು.

ನತಾಲಿನ್‌ಗೆ ಅಳುವೇ ಬಂತು. ಆಮೇಲೆ ಬೊಂಬಿಲ್ ಸಿಕ್ಕಿಸುತ್ತ ಕೂತಾಗ ವಿಷಯ ಹೊಳೆಯಿತು. ಮರಳಲ್ಲಿ ಕಾಯುವಾಗಲೂ ಗೋಪುರಕ್ಕೆ ಬೆನ್ನು ಕೊಟ್ಟೇ ಕೂರುವ ಹೆಂಗಸರು ಕಂಡದ್ದು ಅದರ ಊರ ಕಡೆಯ ಮುಖ, ಗಂಡಸರಿಗೆ ಗೊತ್ತಿರುವುದು ಕಡಲ ಕಡೆಯದು. ದಡದಲ್ಲಿದ್ದಾಗ ಸಾಂತಾನ್ ನಿದ್ದೆ ಮಾಡಿದ್ದೇ ಹೆಚ್ಚು. ಒಂದೇ ಗೋಪುರದ ನೆರಳಲ್ಲಿ ಸಂಸಾರ ಮಾಡಿದ ಇಬ್ಬರು ಅದರ ಒಂದೊಂದು ಮುಖವನ್ನಷ್ಟೇ ನೋಡಿದ್ದರು.

ಬುಡದ ಮರಳಿನಿಂದ ಗೋಪುರ ಪೂರ್ತಿ ಕಾಣದು, ಕಡಲ ಮುಖ ಬೇಕಾದರೆ ದೋಣಿ ಹತ್ತಬೇಕು. ಬಲೆ ಏರಿದ ದೋಣಿಗೆ ಈ ಕೇರಿಯಲ್ಲಿ ಹೆಂಗಸರು ಕಾಲಿಡುವುದಿಲ್ಲ. ದೋಣಿ ನಡೆಸುವ ಮೈದುನ ಮಿಂಗೆಲ್ ಕೈ ಮುಗಿದೇಬಿಟ್ಟ: "ವೈನಿ, ಬೇರೇನಾದ್ರೂ ಕೇಳು. ನಾಳೆ ಬಲೆ ಖಾಲಿ ಬಂದ್ರೆ ಎಲ್ರೂ ನಿನ್ನ ಹೆಸರು ಹೇಳ್ತಾರೆ."

"ಬಲೆ ತುಂಬಿ ಬಂದಾಗ ಯಾರಾದ್ರೂ ನನ್ನ ಹೆಸರು ಹೇಳಿದ್ದುಂಟಾ?" ಎಂದು ನತಾಲಿನ್ ಕೇಳಿದ್ದಕ್ಕೆ ಅವನು ತಲೆ ಕೆರೆದುಕೊಂಡ. ಆದರೂ ಒಪ್ಪಲಿಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ಈ ಕಟ್ಟು ಸಡಿಲುತ್ತದೆ. ಮಳೆಗಾಲ ಮುಗಿದು ಬಲೆ ಏರುವ ಮೊದಲು ಪಾದ್ರಿಗಳು ಬಂದು ದೋಣಿಗಳಿಗೆ ತೀರ್ಥ ಚಿಮುಕಿಸುತ್ತಾರೆ. ಅಂದು ಹೆಂಗಸರು ಮಕ್ಕಳೆಲ್ಲ ಹೂ ಮುಡಿದು, ಹೊಸ ಸೀರೆಯುಟ್ಟು ಒಂದು ಸುತ್ತು ಹೋಗಿಬರುತ್ತಾರೆ. ಆ ದಿನಕ್ಕಾಗಿ ನತಾಲಿನ್ ಕಾದರು. ಸಿಗುವುದು ಒಂದೇ ಅವಕಾಶ, ಕೈ ತಪ್ಪಿದರೆ ಮತ್ತೊಂದು ವರ್ಷ. ಮಂಚದ ಮೇಲಿನ ಮನುಷ್ಯ ಅಲ್ಲಿಯವರೆಗೆ ತಡೆದಾನು ಎಂಬ ನಂಬಿಕೆ ಅವರಿಗಿರಲಿಲ್ಲ. ಹಾಗಾಗಿ ಮಳೆ ಬಿಟ್ಟ ಬೆಳಗುಗಳಲ್ಲೆಲ್ಲ ಪಾಳು ಗೋಡೆಗಳ ನಡುವೆ ಕೈ ಪಳಗಿಸಿದರು. ಅದೇ ಇಂದಿಗೂ ಅಭ್ಯಾಸವಾಗಿ ಉಳಿದಿದೆ.

ಈ ಸಲದ ಆಶೀರ್ವಾದದ ದಿನ ದೋಣಿಗಳು ನಸುಕಿನ ಭರತದಲ್ಲೇ ಹೊರಟವು. ಮರಳಿ ಬರುವಾಗ ನತಾಲಿನ್ ದೋಣಿಯ ಮೂತಿಯ ತುದಿಯಲ್ಲಿ ಕೂತಿದ್ದರು, ಬೀಳದಂತೆ ಓರಗಿತ್ತಿ ಸೆರಗು ಹಿಡಿದಿದ್ದಳು. ಗೋಪುರವೇನೋ ಎದುರಾಯಿತು, ಆದರೆ ಸೂರ್ಯ ಸರಿಯಾಗಿ ಅದರ ಬೆನ್ನಿಗೇ ಹುಟ್ಟುತ್ತಿದ್ದ. "ಮಿಂಗೆಲ್, ಸ್ವಲ್ಪ ಹೊತ್ತು ನಿಲ್ಸೋ, ಮೇಲೆ ಬರ್ಲಿ!" ಎಂದು ಕೂಗಿಕೊಂಡರು. "ನಾನು ನಿಲ್ಸಿದ್ರೆ ನೀರು ನಿಲ್ಲುತ್ತಾ ವೈನಿ?" ಎಂದ ಅವನು. ದೋಣಿ ಓಲಾಡುತ್ತಿದ್ದಂತೆಯೇ ಕಣ್ಣು ಮುಚ್ಚಿಕೊಂಡು ಒತ್ತಿದರು.

ಬಂದದ್ದು ಮಸಿ ಬಳಿದಂಥ ಕಪ್ಪು ಗೋಪುರ, ಅದೂ ಒಂದು ಕಡೆ ವಾಲಿದ್ದು, ಪಕ್ಕದಲ್ಲಿ ಅಷ್ಟೇ ಕಪ್ಪಾದ ತಾಳೆಮರ. ಸ್ಟುಡಿಯೋದವನು, "ಇದ್ರಲ್ಲಿ ಏನೂ ಕಾಣಲ್ಲ ಅಕ್ಕಾ, ಕಾಗದ ದಂಡ" ಎಂದ. ಆದರೂ ಹಾಕಿಸಿ ತಂದು, ತೋರಿಸಲು ಧೈರ್ಯ ಸಾಲದೆ ದಿಂಬಿನಡಿ ಇಟ್ಟರು. ಹಾಸಿಗೆ ಸರಿಮಾಡುವಾಗ ಅದು ಸಾಂತಾನ್ ಕೈಗೇ ಸಿಕ್ಕಿತು.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮನೆ ಕಿತ್ತುಹೋಗುವಂತೆ ಕೂಗಿದರು: "ಚುಕ್ಕಾಣಿ ಯಾರ ಕೈಲಿತ್ತು? ಮಿಂಗೆಲ್ಲಾ? ಕರೀ ಆ ಕತ್ತೇನ! ತಾಳೆಮರ ಗೋಪುರದ ಹಿಂದೆ ಮರೆಯಾಗೋ ತನಕ ಬಲಕ್ಕೆ ತಿರುಗಿಸ್ಬಾರ್ದು ಅಂತ ಎಷ್ಟು ಸಲ ಹೇಳಿದೀನಿ? ಅಲ್ಲಿ ಬಂಡೆ ಇದೆ!" ನಸುಕಿಗೆ ಮರಳುವ ಮೀನುಗಾರನಿಗೆ ಗೋಪುರ ಕಾಣುವುದೇ ಹೀಗೆ, ಕಪ್ಪಗೆ, ಓಲಾಡುತ್ತ. ನತಾಲಿನ್ ಒಲೆಯ ಮುಂದೆ ಕೂತು ಅತ್ತರು. ಗಂಡನ ಬೈಗುಳ ಅಷ್ಟು ಇಂಪಾಗಿ ಹಿಂದೆಂದೂ ಕೇಳಿಸಿರಲಿಲ್ಲವಂತೆ.

ಈಗ ಕಿಟಕಿ ತೆರೆದಿದೆ. ಸಂಜೆ ಮಿಂಗೆಲ್ ಬಂದು ಮಂಚದ ಪಕ್ಕ ಕೂತು ಬೈಸಿಕೊಳ್ಳುತ್ತಾನೆ, ಕಲಿಯುತ್ತಾನೆ. ಚಿತ್ರದಲ್ಲಿ ಕೊರತೆಯೇನಾದರೂ ಇದೆಯೇ ಎಂದು ನತಾಲಿನ್ ಒಮ್ಮೆ ಧೈರ್ಯ ಮಾಡಿ ಗಂಡನನ್ನು ಕೇಳಿದರು.

"ಒಂದಿದೆ" ಎಂದರು ಸಾಂತಾನ್. "ಬುಡದ ಮರಳಲ್ಲಿ ಯಾರೂ ಇಲ್ಲ."

"ಅವತ್ತು ನಾವೆಲ್ಲ ದೋಣೀಲೇ ಇದ್ವಲ್ಲ."

"ಅದೇ. ನಾನು ಬರೋವಾಗ ಅಲ್ಲಿ ನೀನಿರ್ತಿದ್ದೆ."

ಇದನ್ನು ಹೇಳುವಾಗ ನತಾಲಿನ್ ಕೈ ಮೀನು ಸಿಕ್ಕಿಸುವುದನ್ನು ನಿಲ್ಲಿಸುತ್ತದೆ. ಮುಂದಿನ ಆಸೆಯೇನು ಎಂದು ಕೇಳಿದರೆ ಹೊಸ ಕ್ಯಾಮೆರಾ ಅನ್ನುವುದಿಲ್ಲ. "ಮುಂದಿನ ವರ್ಷ ನಾನು ದೋಣಿ ಹತ್ತಲ್ಲ. ಮಿಂಗೆಲ್ ಕೈಗೆ ಇದನ್ನ ಕೊಟ್ಟು, ಬುಟ್ಟಿ ಇಟ್ಕೊಂಡು ದಡದಲ್ಲಿ ನಿಂತ್ಕೋತೀನಿ. ಅಷ್ಟು ದೂರಕ್ಕೆ ನಾನು ಚುಕ್ಕೆಯಷ್ಟು ಕಾಣ್ಬಹುದು. ಆದ್ರೂ ಅವ್ರಿಗೆ ಗುರ್ತು ಸಿಗುತ್ತೆ."