ಮುಲಾಮಿನವನ ಹೆಂಡತಿ

ಬೀದಿಯವರೆಲ್ಲ ಅವನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು. ಏನು ಓದಿದ್ದಾನೆಂದು ಕೇಳಿದವರಿಲ್ಲ. ಕತ್ತರಿ ಹಿಡಿದರೆ ಕೈನೋವು ಎಂದು ಕ್ಷೌರ ಬಿಟ್ಟು ಜೇನುಮೇಣದ ಮುಲಾಮಿಗೆ ಇಳಿದ ಮಹಾಶಯ ಅವನು. ಮುಲಾಮು ಮಾಡುತ್ತಿದ್ದವಳು ಮಾತ್ರ ಹೆಂಡತಿ. ಅಡುಗೆಮನೆಯಲ್ಲಿ ಮೇಣ ಕರಗಿಸಿ, ಎಣ್ಣೆ ಬೆರೆಸಿ, ಒಂದಿಷ್ಟು ಜೇನುತುಪ್ಪ ಸುರಿದು ಡಬ್ಬಿಗೆ ತುಂಬುವಳು. ಅದನ್ನು ಹಚ್ಚಿದರೆ ಬೋಳುತಲೆಯಲ್ಲೂ ಕೂದಲು ಬರುತ್ತದೆಂದು ಬುರುಡೆ ಬಿಡುವುದಷ್ಟೇ ಅವನ ಕೆಲಸ.

ಅಂಗಡಿಯ ಗೋಡೆಯ ಮೇಲೆ ಅವನದೇ ಎರಡು ಫೋಟೊ. ಒಂದರಲ್ಲಿ ನುಣ್ಣನೆ ಬೋಳು, ಇನ್ನೊಂದರಲ್ಲಿ ಗುಂಗುರು ಕೂದಲು. ಕೂದಲಿನದನ್ನು ಮೊದಲು ತೆಗೆಸಿ, ಆಮೇಲೆ ಬೋಳಿಸಿಕೊಂಡು ಇನ್ನೊಂದನ್ನು ತೆಗೆಸಿದ್ದ. ಹಿತ್ತಲಲ್ಲಿ ಕೂರಿಸಿ ಬೋಳಿಸಿದವಳೂ ಹೆಂಡತಿಯೇ. ಸುಮ್ಮನೆ ಮುಲಾಮು ಸವರಿಕೊಂಡಿದ್ದ ತಲೆಯಲ್ಲಿ ಕೂದಲು ತನ್ನಷ್ಟಕ್ಕೆ ಮತ್ತೆ ಬಂದಾಗ ಈ ಪುಣ್ಯಾತ್ಮ ಅದು ಮುಲಾಮಿನಿಂದಲೇ ಬಂತೆಂದು ನಂಬಿಬಿಟ್ಟ. ಜನರ ಕಿವಿಗೆ ಹೂವಿಡಲು ಹೊರಟವನು ತನ್ನ ಕಿವಿಗೂ ಒಂದು ಇಟ್ಟುಕೊಂಡ.

ಆಮೇಲೆ ಅವಳು ಜ್ವರ ಬಂದು ಮಲಗಿದಳು. ಜ್ವರ ಬಿಟ್ಟ ಮೇಲೆ ಬಾಚಣಿಗೆಗೆ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ಸೊಂಟ ಮುಟ್ಟುವ ಜಡೆಯಿದ್ದವಳು ಕನ್ನಡಿಯಲ್ಲಿ ನೆತ್ತಿ ನೋಡಿಕೊಂಡು ಅತ್ತಳು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಬೇಡಿಕೊಂಡಳು.

"ಮನೇಲೇ ಔಷಧಿ ಇಟ್ಕೊಂಡು ಆಸ್ಪತ್ರೆಗೆ ಹೋದ್ರೆ ಜನ ಏನಂತಾರೆ? ಇದನ್ನೇ ಹಚ್ಕೋ. ಹೊರಗೆ ಬರುವಾಗ ತಲೆಗೆ ಬಟ್ಟೆ ಕಟ್ಕೋ" ಅಂದ.

ಹಚ್ಚಿಕೊಂಡಳು. ದಿಂಬಿಗೆ ಜಿಡ್ಡು ಹತ್ತಿತು, ಇರುವೆ ಬಂತು, ಕೂದಲು ಬರಲಿಲ್ಲ. ಮತ್ತೆ ಆಸ್ಪತ್ರೆಯ ಮಾತೆತ್ತಿದರೆ, "ನಿನ್ನ ತಲೇಲೇ ದೋಷ ಇದೆ. ನನಗೆ ಬಂದಿಲ್ವಾ?" ಅಂದ. ಆ ಮೇಣವನ್ನೆಲ್ಲ ಅವನ ಬಾಯಿಗೆ ಮೆತ್ತಬೇಕು ಅನ್ನಿಸಿತು ಅವಳಿಗೆ.

ಮರುದಿನ ತಲೆಗೆ ಬಟ್ಟೆ ಕಟ್ಟದೆ, ಅಂಗಡಿಯಲ್ಲಿ ಆ ಫೋಟೊಗಳ ಕೆಳಗೇ ಕುರ್ಚಿ ಹಾಕಿಕೊಂಡು ಕೂತಳು. ಹೊಸ ಗಿರಾಕಿಯೊಬ್ಬ ಡಬ್ಬಿ ಎತ್ತಿಕೊಂಡವನು ಅವಳ ನೆತ್ತಿ ನೋಡಿ ತಡೆದು ನಿಂತ.

"ನೀವ್ಯಾರಮ್ಮ?"

"ಡಾಕ್ಟ್ರ ಹೆಂಡ್ತಿ. ಇದನ್ನ ಮಾಡೋಳೂ ನಾನೇ, ದಿನಾ ಹಚ್ಕೊಳ್ಳೋಳೂ ನಾನೇ."

ಗಿರಾಕಿ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದ. ಒಳಗಿನಿಂದ ಬಂದ ಡಾಕ್ಟ್ರ ಮುಖ ಇಂಗು ತಿಂದ ಮಂಗನ ಮುಖವಾಗಿತ್ತು.

"ಏಳೇ, ಒಳಗೆ ಹೋಗು. ಮೊದ್ಲು ತಲೆ ಮುಚ್ಕೋ."

"ಯಾಕ್ರೀ ಮುಚ್ಕೋಬೇಕು? ನಿಮ್ಮ ಔಷಧಿ ಹಚ್ಚಿದ ತಲೆ ತಾನೇ? ನಾಳೆನೂ ಇಲ್ಲೇ ಕೂರ್ತೀನಿ."

ಇನ್ನಿಬ್ಬರು ಗಿರಾಕಿಗಳು ಮೆಟ್ಟಿಲು ಹತ್ತುತ್ತಿದ್ದರು. ಅವನು ಗಡಬಡಿಸಿ ಷಟರ್ ಎಳೆದ, ಚಪ್ಪಲಿ ಮೆಟ್ಟಿದ.

"ನಡಿ, ಆಸ್ಪತ್ರೆಗೆ ಹೋಗೋಣ. ಆ ಬಟ್ಟೆ ಕಟ್ಕೋ ಮಾರಾಯ್ತಿ."

ಅವಳು ಬರಿತಲೆಯಲ್ಲೇ ಪಕ್ಕದ ಮನೆಬಾಗಿಲಿನಿಂದ ಬೀದಿಗಿಳಿದು ಅವನ ಮುಂದೆ ನಡೆದಳು.