ಎರಡನೇ ಸಲ ಕಟ್ಟಿದ ನೊಗ

ಊರು ನೋಡಲು ಬರುವವರಿಗೆ ಊರು ಬೇಡ. ಕಟ್ಟಾಯದ ಹತ್ತಿರ ನಮ್ಮ ಹೊಲದ ಬದಿಗೆ ಮೂರು ಕಾಟೇಜು ಕಟ್ಟಿ, ಪೇಟೆಯವರಿಗೆ ಹಾಸಿಗೆ ಹಾಸಿಕೊಟ್ಟು ನಾನು ಕಲಿತದ್ದು ಇಷ್ಟೇ. ಹಂಚಿನ ಸೂರು ಬೇಕು, ಹಲ್ಲಿ ಇರಬಾರದು. ನಾಟಿ ಕೋಳಿ ಸಾರು ಬೇಕು, ಕೋಳಿ ಕೂಗಬಾರದು. "ಬೆಳಿಗ್ಗೆ ಅದನ್ನ ಸ್ವಲ್ಪ ಸುಮ್ಮನಿರಿಸ್ತೀರಾ?" ಅಂತ ಒಬ್ಬಾಕೆ ಕೇಳಿದ್ದಾಳೆ. ನಾನೂ ಹಲ್ಲು ಕಿರಿದು "ನೋಡ್ತೀನಿ ಮೇಡಂ" ಅಂದಿದ್ದೇನೆ. ಥೂ, ನನ್ನ ಜನ್ಮಕ್ಕೆ!

ಹೊಂಗೆ ಚಿಗುರಿ ಯುಗಾದಿ ಹತ್ತಿರವಾದರೆ ಮೂರೂ ಕಾಟೇಜು ಭರ್ತಿ. ಒಂದು ವರ್ಷ ಹಬ್ಬಕ್ಕೆ ಎರಡು ದಿನ ಮುಂಚೆ ಬೆಂಗಳೂರಿನ ಒಂದು ಕುಟುಂಬ ಬಂತು. ದೊಡ್ಡಗದ್ದವಳ್ಳಿಗೆ ಕರೆದೊಯ್ದರೆ ಅದರ ಯಜಮಾನ ಗುಡಿಯ ಗೋಡೆಗೆ ಒರಗಿ ಸಿಗ್ನಲ್ ಹುಡುಕಿದ. ಮೊಸಳೆ ಅನ್ನುವ ಊರಿನಲ್ಲಿ ಅಕ್ಕಪಕ್ಕದ ಎರಡು ಗುಡಿ ಕಂಡು, "ಎರಡೂ ಒಂದೇ ಥರ ಇದೆಯಲ್ಲ, ಒಂದು ನೋಡಿದ್ರೆ ಸಾಲದಾ?" ಅಂದ. ಮಹಾನುಭಾವ, ಕಾರಿಂದ ಇಳಿದದ್ದೇ ಹೆಚ್ಚು.

ಯುಗಾದಿ ಬೆಳಿಗ್ಗೆ ನಮ್ಮಲ್ಲಿ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ. ಊರೆಲ್ಲ ಟ್ರ್ಯಾಕ್ಟರ್ ಬಂದ ಮೇಲೆ ಉಳಿದಿರುವುದು ನಮ್ಮ ದೊಡ್ಡಪ್ಪನ ಒಂದು ಜೊತೆ ಎತ್ತು ಮಾತ್ರ. ಅವುಗಳ ಮೈ ತೊಳೆದು, ನೇಗಿಲಿಗೆ ಪೂಜೆ ಮಾಡಿ, ದೊಡ್ಡಪ್ಪ ಮೊದಲ ಸಾಲು ಹೊಡೆಯುವುದು ನಮ್ಮ ಹೊಲದಲ್ಲಿ, ಉಳಿದವರದ್ದು ಆಮೇಲೆ. ಅವನಿಗೂ ನಮ್ಮಪ್ಪನಿಗೂ ಮಾತು ಬಿಟ್ಟಿದ್ದ ವರ್ಷಗಳಲ್ಲೂ ಎತ್ತು ಮೊದಲು ಬಂದದ್ದು ನಮ್ಮಲ್ಲಿಗೇ. ಸುತ್ತು ಮುಗಿಸಿ ನೊಗ ಇಳಿಸಿದರೆ ಆ ದಿನ ಮತ್ತೆ ಕಟ್ಟುವಂತಿಲ್ಲ.

ನಮ್ಮ ಅತಿಥಿಗಳು ಎದ್ದದ್ದು ಹತ್ತು ಗಂಟೆಗೆ. ಬೇವು ಬೇಡ, ಬರೀ ಬೆಲ್ಲ ಸಾಕು ಅಂತ ತಿಂದು, "ಆ ಉಳುಮೆ ಇನ್ನೊಂದ್ಸಲ ಮಾಡಿಸಿ, ವೀಡಿಯೊ ಬೇಕು" ಅಂದರು. ನಾನು ದೊಡ್ಡಪ್ಪನ ಕೊಟ್ಟಿಗೆಗೆ ಓಡಿದೆ.

"ನೊಗ ಇಳ್ಸಾಯ್ತು, ಓಗು," ಅಂದ ದೊಡ್ಡಪ್ಪ.

"ಬಂದೋರು ಬೇಜಾರ್ ಮಾಡ್ಕತ್ತಾರೆ ದೊಡ್ಡಪ್ಪ."

"ಮಾಡ್ಕಳ್ಳಿ. ಅವು ಎತ್ತು ಕಣ್ಲಾ, ನಾಟ್ಕದೋರಲ್ಲ."

ಸಂಜೆ ಅವನು ಪಂಚಾಂಗ ಕೇಳಲು ದೇವಸ್ಥಾನಕ್ಕೆ ಹೋದ. ನಾನು ಕಳ್ಳನ ಹಾಗೆ ಕೊಟ್ಟಿಗೆಗೆ ನುಗ್ಗಿ ಎತ್ತು ಬಿಚ್ಚಿದೆ. ಹೊಲಕ್ಕೆ ತಂದು ನೊಗ ಕಟ್ಟಿದೆ. ಬೆಂಗಳೂರಿನ ಯಜಮಾನ ಪ್ಯಾಂಟಿನ ಮೇಲೇ ನನ್ನ ಪಂಚೆ ಸುತ್ತಿ, ತಲೆಗೆ ಟವೆಲ್ ಬಿಗಿದು, ನೇಗಿಲಿನ ಮೇಣಿ ಹಿಡಿದು ಮನೆಯವರ ಮೊಬೈಲಿಗೆ ಹಲ್ಲು ಬಿಟ್ಟ. ಎತ್ತುಗಳು ನಾಲ್ಕು ಹೆಜ್ಜೆ ಇಟ್ಟು ನಿಂತವು.

ಅಷ್ಟರಲ್ಲಿ ದೊಡ್ಡಪ್ಪ ಬದುವಿನ ಮೇಲೆ ಬಂದ. ನೊಗ ಇಳಿಸಿ, ಹೆಗಲ ಮೇಲಿನ ಟವೆಲಿನಿಂದ ಎರಡೂ ಎತ್ತಿನ ಕತ್ತು ಒರೆಸಿ, ಹೊಡೆದುಕೊಂಡು ಹೋದ. ನನಗೆ ಎರಡೇಟು ಬಿಗಿದಿದ್ದರೆ ನೆಮ್ಮದಿಯಾಗುತ್ತಿತ್ತು.

"ಅಜ್ಜ ಸೂಪರ್! ಅವರದ್ದೂ ಒಂದು ಫೋಟೋ ತಗೋಬೇಕಿತ್ತು," ಅಂದ ಯಜಮಾನ. ಅವನ ಮೂತಿಗೆ ಗುದ್ದಬೇಕು ಅನ್ನಿಸಿತು. ಆದರೆ ಎತ್ತು ಕದ್ದವನು ಅವನಲ್ಲವಲ್ಲ.

ಮುಂದಿನ ಯುಗಾದಿಗೆ ಬಂದವರು ಆ ವೀಡಿಯೊ ನೋಡಿಯೇ ಬಂದಿದ್ದರು. ಪರವಾಗಿಲ್ಲ, ಇವರು ಹೊತ್ತು ಮೂಡುವ ಮೊದಲೇ ಸ್ನಾನ ಮಾಡಿ ಮೊಬೈಲ್ ಹಿಡಿದು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ನನ್ನ ಹೆಂಡತಿ ಪೂಜೆಯ ತಟ್ಟೆ ಹಿಡಿದಿದ್ದಳು. ವರ್ಷವಿಡೀ ದೊಡ್ಡಪ್ಪ ನನ್ನ ಜೊತೆ ಮಾತಾಡಿರಲಿಲ್ಲ. ಆದರೂ ಬರುತ್ತಾನೆ, ಅಪ್ಪನ ಕಾಲದಲ್ಲಿ ಬಂದಿರಲಿಲ್ಲವೇ ಅಂದುಕೊಂಡಿದ್ದೆ. ಗಂಟೆಯ ಸದ್ದು ಕೇಳಿಸಿತು. ನಮ್ಮ ಹೊಲದ ದಾರಿ ಬಂದಾಗ ಎತ್ತುಗಳು ವಾಡಿಕೆಯಂತೆ ತಾವಾಗಿಯೇ ಇತ್ತ ತಿರುಗಿದವು. ದೊಡ್ಡಪ್ಪ ಹಗ್ಗ ಜಗ್ಗಿದ.

"ಅಲ್ಲಲ್ಲ. ಮುಂದಕ್ ನಡೀರ್ಲಾ."

ನಡೆದವು. ನನ್ನ ಹೆಂಡತಿ ತಟ್ಟೆಯನ್ನು ನೆಲಕ್ಕಿಟ್ಟಳು. ಪಕ್ಕದಲ್ಲಿದ್ದ ಅತಿಥಿಯೊಬ್ಬಳು, "ಇಲ್ಲಿ ಯಾವಾಗ ಶುರು ಮಾಡ್ತಾರೆ?" ಅಂತ ಕೇಳಿದಳು.

"ನಮ್ಮ ಹೊಲದಲ್ಲಿ ಆ ಪದ್ಧತಿ ಇಲ್ಲ ಮೇಡಂ," ಅಂದೆ.