ಊರಿಗಿಂತ ಮೊದಲು ಬಂದ ಅಂಗಡಿ

ಮೊಮ್ಮಗಳ ತೊಟ್ಟಿಲು ಕಾರ್ಯಕ್ಕೆ ಒಣಕೊಬ್ಬರಿ ತರಲು ಮೊನ್ನೆ ಜಮಖಂಡಿ ಪೇಟೆಗೆ ಹೋಗಿದ್ದೆ. ಅಂಗಡಿಯವನು ಹೊಸ ಗೋಣಿಚೀಲದ ಬಾಯಿಯ ಹೊಲಿಗೆ ಬಿಚ್ಚಿದ. ಕೊಬ್ಬರಿಯ ಎಣ್ಣೆಘಮಲು, ಗೋಣಿಯ ನಾರಿನ ವಾಸನೆ, ಒಳಗೆಲ್ಲಿಂದಲೋ ಬೆಲ್ಲದ ಸುಳಿವು... ಎಲ್ಲ ಒಟ್ಟಿಗೆ ಮೂಗಿಗೆ ಬಂದವು. "ಎಷ್ಟು ಕೊಡ್ಲಿರಿ?" ಎಂದು ಅವನು ಮತ್ತೊಮ್ಮೆ ಕೇಳಿದ ಮೇಲೆಯೇ ನನಗೆ ಎಚ್ಚರ. ಅಷ್ಟರಲ್ಲಿ ನಾನು ಕೃಷ್ಣೆಯ ದಂಡೆಯ ನಮ್ಮ ಹಳೆಯ ಊರಿಗೆ ಹೋಗಿ, ಅಂಗಡಿ ಆಯಿಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದೆ.

ಬೀಳಗಿ ತಾಲ್ಲೂಕಿನ ಆ ಊರಿಗೆ ನಾನು ಸೊಸೆಯಾಗಿ ಬಂದದ್ದು ಮಹಾಲಿಂಗಪುರದಿಂದ. ನಮ್ಮ ಮನೆಯ ಎದುರಿಗೇ ಅವಳ ಕಿರಾಣಿ ಅಂಗಡಿ. ಸಣ್ಣವರು ದೊಡ್ಡವರು ಎಲ್ಲರಿಗೂ ಅವಳು ಅಂಗಡಿ ಆಯಿ; ನಮ್ಮ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಬಂದ ಹೊಸತರಲ್ಲಿ ಸಂಜೆಯಾದರೆ ನನಗೆ ತವರು ಬಹಳ ನೆನಪಾಗುತ್ತಿತ್ತು. ಒಂದು ದಿನ ಎಣ್ಣೆಗೆಂದು ಹೋದಾಗ ಆಯಿ ನನ್ನ ಮುಖ ನೋಡಿದಳು. ಏನೂ ಕೇಳದೆ ಬೆಲ್ಲದ ಪೆಂಟಿಯಿಂದ ಒಂದು ತುಣುಕು ಮುರಿದು ನನ್ನ ಅಂಗೈಯಲ್ಲಿಟ್ಟಳು.

"ಇದು ನಿಮ್ಮೂರಿಂದ ಬಂದೈತಿ ತಂಗಿ. ನಿನ್ನ ತವರಮನಿ ನನ್ನ ಅಂಗಡ್ಯಾಗ ಐತಿ ಅಂತ ತಿಳಕೋ. ನೆನಪಾದಾಗ ಬಾ."

ಹೋಗುತ್ತಿದ್ದೆ. ಮಧ್ಯಾಹ್ನ ಗಿರಾಕಿಗಳು ಕಡಿಮೆ. ಆಯಿ ಶೇಂಗಾ ಹಸನು ಮಾಡುತ್ತ ಆ ಅಂಗಡಿಯ ಕತೆ ಹೇಳುತ್ತಿದ್ದಳು, ಸ್ವಲ್ಪ ಸ್ವಲ್ಪವಾಗಿ, ಹಿಂದುಮುಂದಾಗಿ...

ಅವಳ ಗಂಡನ ಅಜ್ಜ ರಬಕವಿಯವನು. ಸೀರೆಯ ಗಂಟು ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದನಂತೆ. ಒಮ್ಮೆ ನಮ್ಮೂರಿಗೆ ಬಂದಾಗ ಹೊಳೆ ತುಂಬಿ ದೋಣಿ ನಿಂತುಹೋಯಿತು. ದಾಟುವ ಹಾಗಿಲ್ಲ. ಬೇವಿನ ಗಿಡದ ಕೆಳಗೆ ಗಂಟು ಬಿಚ್ಚಿ ಕೂತ. ದೋಣಿಗೆ ಕಾದಿದ್ದವರೂ ಸುತ್ತ ಕೂತರು. ನೀರು ಇಳಿಯುವ ಹೊತ್ತಿಗೆ ಗಂಟು ಖಾಲಿ. ಮುಂದಿನ ಸಲ ಉಪ್ಪು, ಸೂಜಿ, ದಾರವನ್ನೂ ತಾ ಎಂದು ಊರ ಹೆಂಗಸರು ಹೇಳಿ ಕಳಿಸಿದ್ದರು. ಅವನು ಮತ್ತೆ ಬಂದ, ಹೆಂಡತಿಯನ್ನೂ ಕರೆದುಕೊಂಡು ಬಂದ. ಅವನ ಮಗ, ಅಂದರೆ ಆಯಿಯ ಮಾವ, ಅದೇ ಬೇವಿನ ಪಕ್ಕದಲ್ಲಿ ಕಲ್ಲಿನ ಅಂಗಡಿ ಕಟ್ಟಿಸಿ ಮುಂದೆ ಕಟ್ಟೆ ಹಾಕಿಸಿದ.

ಆಯಿಯ ಗಂಡನಿಗೆ ಮಾತ್ರ ಆ ಅಂಗಡಿಯ ಗಾದಿಯ ಮೇಲೆ ಬಹಳ ದಿನ ಕೂರುವ ಋಣವಿರಲಿಲ್ಲ. ಮಗ ಅಂಬೆಗಾಲಿಡುವಾಗಲೇ ಗಂಡ ಜ್ವರ ಬಂದು ತೀರಿಕೊಂಡ. ಮಾವನ ಕಣ್ಣು ಮಂಜಾಗಿತ್ತು. ಅಂಗಡಿ ಮಾರಿಬಿಡಿ ಎಂದರು ಬಳಗದವರು. ಹೆಂಗಸು ತಕ್ಕಡಿ ಹಿಡಿದದ್ದನ್ನು ಆ ಊರು ಕಂಡಿರಲಿಲ್ಲ. ಒಂದು ಬೆಳಿಗ್ಗೆ ಮಾವ ಅವಳನ್ನು ಕರೆದು ಗಾದಿ ತೋರಿಸಿದ.

"ಕುಂದ್ರವ್ವಾ."

"ಮಂದಿ ಏನಂತಾರ್ರೀ ಮಾವಾರ?"

"ಮಂದಿ ಉಪ್ಪು ಬೇಡತಾರ. ಕೊಡು."

ಇಡೀ ದಿನ ಆ ಮುದುಕ ಹೊರಗೆ ಕಟ್ಟೆಯ ಮೇಲೆ ಕೂತಿದ್ದನಂತೆ. ಬಂದವರು ಉಪ್ಪು ಕೊಂಡು ಹೋದರು.

ಕೃಷ್ಣೆಗೆ ಕಟ್ಟುತ್ತಿದ್ದ ಅಣೆಕಟ್ಟಿನ ಹಿನ್ನೀರು ನಮ್ಮೂರಿಗೂ ಬರುತ್ತದೆಂಬ ಮಾತು ನಿಜವಾದಾಗ ನನ್ನ ಮಕ್ಕಳು ಸಾಲೆಗೆ ಹೋಗುತ್ತಿದ್ದರು. ಗುಡ್ಡದ ಮೇಲೆ ಹೊಸ ಊರಿಗೆ ಜಾಗ ಗುರುತಿಸಿ ಕಲ್ಲು ನೆಟ್ಟಿದ್ದರು. ಅಲ್ಲಿ ಗಿಡವಿಲ್ಲ, ನೆರಳಿಲ್ಲ. ನೋಡಿ ಬಂದವರು ಯಾರೂ ಅಲ್ಲಿ ಮನೆ ಕಟ್ಟುವ ಮಾತಾಡಲಿಲ್ಲ. ಒಬ್ಬರು ಮುಧೋಳದ ನೆಂಟರ ಕಡೆಗೆ ಹೊರಟರು, ಇನ್ನೊಬ್ಬರು ಮಗಳ ಊರಿಗೆ. ನಮ್ಮ ಮನೆಯವರು ಸಮೀರವಾಡಿಯಲ್ಲಿ ಬಾಡಿಗೆ ಮನೆ ನೋಡಿಕೊಂಡು ಬಂದರು. ಊರು ಮುಳುಗುವ ಮೊದಲೇ ಚದುರತೊಡಗಿತ್ತು.

ಆಯಿಯ ಮಗ ಜಮಖಂಡಿಯಲ್ಲಿ ಮಳಿಗೆ ಗೊತ್ತು ಮಾಡಿದ್ದ. ತಾಯಿ ಮಗನ ಮಾತು ನಮ್ಮ ಪಡಸಾಲೆಗೆ ಕೇಳುತ್ತಿತ್ತು.

"ಯವ್ವಾ, ಆ ಗುಡ್ಡದಾಗ ನಾಯಿ ಸೈತ ಇಲ್ಲ. ಯಾರಿಗೆ ಮಾರತಿ?"

"ಮಂದಿ ಬಂದ ಮ್ಯಾಲೆ ಅಂಗಡಿ ಅಂತಿ ನೀ. ಅಲ್ಲೆ ಉಪ್ಪ ಸಿಗಂಗಿಲ್ಲ ಅಂದ್ರ ಮಂದಿ ಹೆಂಗ ಬರತಾರಪಾ?"

"ಯಾರೂ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನಿನ್ನ ಹಿಂದ ಬರತೀನಿ. ಮದಲ ಒಮ್ಮೆ ಬಾಗಲಾ ತಗದು ನೋಡೂಣು."

ಮರುದಿನ ಮಗ ಟ್ರ್ಯಾಕ್ಟರ್ ತಂದ. ಸಾಮಾನು ಹೇರಿ, ಗುಡ್ಡದ ಮೇಲೆ ತಗಡಿನ ಶೆಡ್ಡು ಹಾಕಿಕೊಟ್ಟು ಜಮಖಂಡಿಗೆ ಹೋದ. ಆಯಿ ಅಲ್ಲಿ ಒಬ್ಬಳೇ. ಬಿಸಿಲಿಗೆ ತಗಡು ಕಾದು ಬೆಲ್ಲ ಕರಗಿ ಕೈಗಂಟುತ್ತಿತ್ತಂತೆ. ಜಾಗ ನೋಡಲು ಹೋದವರಿಗೆ ನೀರು ಕೊಟ್ಟಳು, ಚಹಾ ಕಾಸಿ ಕೊಟ್ಟಳು, ಬುನಾದಿ ಯಾವಾಗ ತೆಗೆಯುತ್ತೀರಿ ಎಂದು ಕೇಳಿ ಕಳಿಸಿದಳು. ಆಯಿ ಅಲ್ಲೇ ಇದ್ದಾಳಂತೆ ಎಂಬ ಸುದ್ದಿ ಕೆಳಗಿನ ಊರಲ್ಲಿ ಮನೆಯಿಂದ ಮನೆಗೆ ಹೋಯಿತು. ಗುಡ್ಡದ ಮೇಲೆ ಒಂದು ಮನೆ ಎದ್ದಿತು, ಆಮೇಲೆ ಇನ್ನೊಂದು. ನಾನೂ ನಮ್ಮವರಿಗೆ ಹೇಳಿದೆ, "ಸಮೀರವಾಡಿ ಬ್ಯಾಡ್ರಿ. ಆಯಿ ಇದ್ದಲ್ಲೆ ಹೋಗೂಣು." ನಮಗೆ ಸಿಕ್ಕ ಜಾಗ ಹಿಂದಿನ ಸಾಲಿನಲ್ಲಿತ್ತು. ಬಾಗಿಲನ್ನಾದರೂ ಅಂಗಡಿಯ ಕಡೆಗೆ ಇಡಿಸಿದೆ.

ಆ ದೀಪಾವಳಿಗೆ ಮಗ ಜಮಖಂಡಿಯ ಅಂಗಡಿಪೂಜೆ ಮುಗಿಸಿದವನೇ ಹೆಂಡತಿ ಮಕ್ಕಳ ಜೊತೆ ಗುಡ್ಡ ಹತ್ತಿ ಬಂದ. ಸುತ್ತಲ ಮನೆಗಳ ಮುಂದಿನ ಹಣತೆಗಳನ್ನು ನೋಡುತ್ತ ನಿಂತ.

"ನೀ ಅಂದದ್ದ ಖರೆ ಆತಲ್ಲ ಯವ್ವಾ."

"ಒಳಗ ಬಾ, ಹೋಳಿಗಿ ಆರತಾವು," ಎಂದಳು ಆಯಿ.

ಮುಂದಿನ ಮಳೆಗಾಲದಲ್ಲಿ ಹಳೆಯ ಊರಿಗೆ ನೀರು ಬಂತು. ಎಲ್ಲರೂ ಇಳಿದು ಹೋಗಿ ನೋಡಿದೆವು. ಆಯಿ ಬರಲಿಲ್ಲ. ನಾನು ತಿರುಗಿ ಬಂದಾಗ ಯಾರಿಗೋ ಸಕ್ಕರೆ ತೂಗುತ್ತಿದ್ದಳು.

"ನಮ್ಮ ಕಟ್ಟಿ ಮುಣಗಿತೇನ ತಂಗಿ?"

"ಹೂಂ ಆಯಿ."

ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದಳು. ಪೊಟ್ಟಣ ಕಟ್ಟಿಕೊಟ್ಟಳು. ಆಮೇಲೆ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸಂಜೆಯವರೆಗೂ ಹೊರಗೆ ಬರಲಿಲ್ಲ. ಆ ದಿನ ಬಂದವರಿಗೆಲ್ಲ ಸಾಮಾನು ನಾನೇ ಕೊಟ್ಟೆ. ಆಯಿ ಎಲ್ಲಿ ಎಂದು ಯಾರೂ ಕೇಳಲಿಲ್ಲ...

ಆಯಿ ಹೋಗಿ ವರ್ಷಗಳಾದವು. ಕೊನೆಯವರೆಗೂ ಗುಡ್ಡ ಇಳಿಯಲಿಲ್ಲ. ಈಗ ಅವಳ ಮೊಮ್ಮಗ ಜಮಖಂಡಿಯಿಂದ ಬಂದು ಇಲ್ಲಿಯ ಅಂಗಡಿ ನೋಡಿಕೊಳ್ಳುತ್ತಾನೆ. ತಗಡಿನ ಶೆಡ್ಡು ಹೋಗಿ ಸ್ಲ್ಯಾಬಿನ ಕಟ್ಟಡವಾಗಿದೆ, ಒಳಗೆ ಫ್ರಿಜ್ಜು ಬಂದಿದೆ. ಬಸ್ಸು ನಿಲ್ಲುವ ಜಾಗಕ್ಕೆ ಆಯಿ ಅಂಗಡಿ ಎಂದೇ ಹೆಸರು. ಮೊನ್ನೆ ತಿರುಗಿ ಬರುವಾಗಲೂ ಕಂಡಕ್ಟರ್, ಆಯಿಯನ್ನು ಎಂದೂ ನೋಡಿರದ ಚಿಕ್ಕ ವಯಸ್ಸಿನವನು, "ಆಯಿ ಅಂಗಡಿ ಇಳಿಯೋರು ಮುಂದ ಬರ್ರಿ," ಎಂದು ಕರೆದ.

ಇಳಿದೆ. ಅಂಗಡಿಯಲ್ಲಿ ಮೊಮ್ಮಗನ ಹೆಂಡತಿ ಇದ್ದಳು. ನನ್ನನ್ನು ಕಂಡು ನಕ್ಕು, "ಬಾ ಆಯಿ, ಏನ ಕೊಡ್ಲಿ?" ಎಂದಳು.

ಆ ಹೆಸರು ಕಿವಿಗೆ ಬಿದ್ದಿತೋ ಇಲ್ಲವೋ, ನಾನು ಒಳಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಕರೆದದ್ದು ನನ್ನನ್ನು.

"ಏನೂ ಬ್ಯಾಡವ್ವಾ," ಎಂದೆ. ಆದರೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆ.